ಅಟ್ಟದ ಮೇಲಿನ ಬೂದುಗುಂಬಳ

"ಕೇಳ್ರಪ್ಪೋ ಕೇಳಿ! ಹಂದರಗಲ್ಲಿನ ರಾಣಿ ನಾಗಾಜಮ್ಮಣ್ಣಿಯವರು ಮೂರು ಒಗಟು ಹಾಕುತ್ತಾರೆ. ಬಿಡಿಸಿದವರಿಗೆ ಬಾಯಿಬಿಟ್ಟು ಕೇಳಿದ್ದನ್ನು ಕೊಡುತ್ತಾರೆ. ತಪ್ಪಿದವರ ತಲೆ ಕೋಟೆ ಬಾಗಿಲಿಗೆ! ಗಂಡೋ ಹೆಣ್ಣೋ, ಬಡವರೋ ಬಲ್ಲಿದರೋ, ಬರುವವರು ಬರಬಹುದು!"

ಡಂಗುರದವನು ಹೀಗೆ ಸಾರುತ್ತ ಊರೂರು ಸುತ್ತಿದ. ಬಾಗಿಲ ಮೇಲೆ ಆಗಲೇ ತಲೆಗಳು ಒಣಗುತ್ತಿದ್ದವು, ಆದರೂ ಹೋಗುವವರು ಹೋಗುತ್ತಲೇ ಇದ್ದರು. ಆಸೆ ಅನ್ನುವುದು ಹಾಗೇ ಕಣ್ರೀ, ಕಣ್ಣೆದುರು ಗುಂಡಿ ಇದ್ದರೂ ಕಾಲಿಡಿಸುತ್ತದೆ.

ವಿಧವೆಯ ಮಗ ಕೆಂಚನೂ ಹೋದ. ಎರಡು ಬಿಡಿಸಿ ಮೂರನೆಯದರಲ್ಲಿ ಸಿಕ್ಕಿಬಿದ್ದ. ನಾಳೆ ಅವನ ತಲೆ ಹೋಗುತ್ತದೆ ಎಂಬ ಸುದ್ದಿ ಬಂದಾಗ ತಾಯಿ ಒಲೆ ಮುಂದೆಯೇ ಕುಸಿದಳು. ಊರವರ ಬಾಯಿಗೆ ಬೀಗ ಉಂಟೇ? "ನೋಡಿದಿರಾ, ಅವತ್ತು ಅವಳು ಮಾಡಿದ್ದು ಇವತ್ತು ಮಗನ ಕುತ್ತಿಗೆಗೆ ಬಂತು" ಅಂದರು. ಅವತ್ತು ಏನಾಗಿತ್ತು ಅನ್ನುವುದನ್ನು ಕೆಂಚನ ಅಕ್ಕ ದ್ಯಾಮಿ ಕಣ್ಣಾರೆ ಕಂಡಿದ್ದಳು. ಅದು ಆಮೇಲೆ ಬರುತ್ತದೆ, ತಾಳಿ. ಊರವರ ಮಾತು ಕೇಳಿದ್ದೇ ದ್ಯಾಮಿ ಎದ್ದಳು. ಸೆರಗು ಸಿಕ್ಕಿಸಿ ಕೋಟೆಯ ದಾರಿ ಹಿಡಿದಳು.

ಅರಮನೆಯ ಅಂಗಳದಲ್ಲಿ ಕಟುಕ ಕತ್ತಿ ಮಸೆಯುತ್ತಿದ್ದ. ದ್ಯಾಮಿಗಿಂತ ಮುಂದೆ ಇಬ್ಬರಿದ್ದರು. ಒಬ್ಬ ರೇಷ್ಮೆ ರುಮಾಲಿನ ಪಾಳೇಗಾರನ ಮಗ, ಇನ್ನೊಬ್ಬ ಶಾಸ್ತ್ರಿ. ರಾಣಿ ಬಿಳಿ ಸೀರೆ ಉಟ್ಟು ಕೂತಿದ್ದಳು.

"ಮೈಯೆಲ್ಲ ಬೂದಿ, ಸನ್ಯಾಸಿಯಲ್ಲ. ಕದ್ದವನ ಹೆಗಲ ಮೇಲೆ ಕೂತು ಹೋಗಿ ಅವನನ್ನೇ ಹಿಡಿದುಕೊಡುತ್ತದೆ. ಯಾವುದದು?"

ಪಾಳೇಗಾರನ ಮಗ ಎದೆಯುಬ್ಬಿಸಿ, "ಸುಡುಗಾಡಿನ ಕೋತಿ!" ಅಂದ. ಭಟರು ಅವನ ರಟ್ಟೆ ಹಿಡಿದು ಸೆರೆಮನೆಗೆ ಎಳೆದರು.

ಶಾಸ್ತ್ರಿ ಬುದ್ಧಿವಂತ. "ಬೂದುಗುಂಬಳಕಾಯಿ, ಅಮ್ಮಣ್ಣಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ" ಅಂದ.

"ಸರಿ. ಚರ್ಮ ಸುಲಿದರೆ ಒಂದು ಊಟ, ಮಾಂಸಕ್ಕೆ ಒಂದು ಊಟ, ಕರುಳಿಗೆ ಒಂದು ಊಟ. ಬಿಸಾಡಲು ಏನೂ ಉಳಿಯದ ಹೆಣ ಯಾವುದು?"

ಶಾಸ್ತ್ರಿ ಬೆವರಿದ. ಒಂದೇ ಉತ್ತರ ಎರಡು ಸಲ ಬಂದೀತೇ ಎಂದು ಅನುಮಾನಿಸಿ, "ಹೋತ" ಅಂದ.

"ಹೌದೇ? ಹಾಗಾದರೆ ಕೊಂಬು ತಿಂದು ತೋರಿಸು" ಅಂದಳು ರಾಣಿ. ಅವನನ್ನೂ ಎಳೆದೊಯ್ದರು.

ದ್ಯಾಮಿ ಮುಂದೆ ಬಂದು ಕೈಮುಗಿದಳು. "ಮೊದಲನೆಯದೂ ಬೂದುಗುಂಬಳ, ಎರಡನೆಯದೂ ಅದೇ, ತಾಯಿ. ಸಿಪ್ಪೆ ಹುರಿದು ಹುಣಸೆಹಣ್ಣು ಮೆಣಸಿನಕಾಯಿ ಇಟ್ಟು ರುಬ್ಬಿದರೆ ಚಟ್ನಿ. ಹೋಳು ಮಜ್ಜಿಗೆಹುಳಿಗೆ. ಒಳಗಿನ ತಿರುಳಿಗೆ ಉದ್ದಿನಹಿಟ್ಟು ಕಲಸಿ ಬಿಸಿಲಿಗಿಟ್ಟರೆ ಸಂಡಿಗೆ. ಕಾಯಿ ತೀರಾ ಹೆಚ್ಚಾಗಿ ಬಿದ್ದಿದ್ದರೆ ತುರಿದು ಬೆಲ್ಲ ಹಾಕಿ ಪಾಯಸ. ಬೀಜ ಹುರಿದು ಕೂಸಿನ ಕೈಗೆ ಕೊಟ್ಟರೆ ಅದು ಅಳುವುದನ್ನೂ ಮರೆಯುತ್ತದೆ."

ಕೂಸು ಅಂದದ್ದೇ ತಡ, ರಾಣಿಯ ಮುಖ ಕಪ್ಪಿಟ್ಟಿತು. ಅವಳು ಮೂರನೆಯ ಒಗಟು ಹೇಳಿದಳು.

"ಅಟ್ಟದ ತುಂಬ ಊಟ. ಅಟ್ಟಕ್ಕೆ ಬೀಗವಿಲ್ಲ. ಮನೆಯಲ್ಲಿ ಕತ್ತಿಯಿತ್ತು, ಒಲೆಯಿತ್ತು. ಕೆಳಗೆ ಕೂಸು ಹಸಿದು ಸತ್ತಿತು. ಕೊಂದವರು ಯಾರು? ಹಗೆ ಅಂದವರ ತಲೆ ಹೋಯಿತು, ಹಣೆಬರಹ ಅಂದವರ ತಲೆಯೂ ಹೋಯಿತು. ನಿನ್ನ ತಮ್ಮ ತಾಯಿ ಅಂದ. ನೀನೇನನ್ನುತ್ತೀ?"

ಕೆಂಚನಿಗೆ ಉಣ್ಣುವುದು ಗೊತ್ತೇ ಹೊರತು ಕೊಯ್ಯುವ ಕಷ್ಟ ಗೊತ್ತಿರಲಿಲ್ಲ. ದ್ಯಾಮಿಗೆ ಗೊತ್ತಿತ್ತು.

"ತಾಯಿಯಲ್ಲ, ಅಮ್ಮಣ್ಣಿ. ಅಟ್ಟದ ಮೇಲಿದ್ದದ್ದೂ ಕುಂಬಳವೇ, ಕೊಂದದ್ದು ಒಂದು ಮಾತು. ಬೂದುಗುಂಬಳಕ್ಕೆ ಹೆಂಗಸು ಮೊದಲ ಏಟು ಹಾಕಿದರೆ ಹೆತ್ತ ಮಗನಿಗೆ ಕೇಡು, ಗಂಡಸೇ ಹಾಕಬೇಕು ಅಂತಾರಲ್ಲ, ಆ ಮಾತು. ನಮ್ಮಪ್ಪ ಸತ್ತ ವರ್ಷ ಮನೆಯಲ್ಲಿ ಕುಂಬಳ ಬಿಟ್ಟರೆ ಇನ್ನೇನೂ ಇರಲಿಲ್ಲ. ಸೂತಕದ ಮನೆ ಅಂತ ಒಬ್ಬ ಗಂಡಸೂ ಹೊಸಿಲು ತುಳಿಯಲಿಲ್ಲ. ತಮ್ಮ ಹಸಿದು ಅಳಲಿಕ್ಕೂ ಶಕ್ತಿಯಿಲ್ಲದೆ ಬಿದ್ದಿದ್ದ. ಅವ್ವ ದೇವರಿಗೆ ಬೈದುಕೊಂಡೇ ಮಚ್ಚು ಎತ್ತಿ ಹೊಡೆದಳು. ತಮ್ಮ ಉಂಡ, ಬದುಕಿದ. ನಾಳೆ ನೀವು ಅವನ ತಲೆ ತೆಗೆದರೆ ಆ ಸುಳ್ಳು ಮಾತೇ ನಿಜ ಅಂತ ಊರು ಕುಣಿಯುತ್ತದೆ."

ರಾಣಿ ಗದ್ದುಗೆಯಿಂದ ಇಳಿದು ನೆಲದ ಮೇಲೆ ಕೂತಳು.

"ಗಂಡಸರೆಲ್ಲ ಗಡಿಗೆ ಹೋಗಿದ್ದರು ಮಗಳೇ, ಮುದುಕರೂ ಕೂಡ. ಹಗೆಗಳು ಕೋಟೆ ಸುತ್ತಿದರು. ರಾಗಿ ಮುಗಿಯಿತು, ನನ್ನ ಎದೆಹಾಲು ಬತ್ತಿತು. ತಲೆಯ ಮೇಲೆ ಕುಂಬಳ ಸಾಲಾಗಿ ತೂಗುತ್ತಿದ್ದವು. ಮಗನಿಗೆ ಕೇಡಾದೀತೆಂದು ನಾನು ಮುಟ್ಟಲಿಲ್ಲ. ಮಗ ಉಳಿಯಲಿ ಅಂತಲೇ ಮುಟ್ಟಲಿಲ್ಲವಲ್ಲೇ!" ಎಂದು ಗೋಳೋ ಎಂದು ಅತ್ತಳು. ದ್ಯಾಮಿಗೂ ತಡೆಯಲಾಗಲಿಲ್ಲ, ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದಳು.

ಕಣ್ಣೊರೆಸಿಕೊಂಡು ರಾಣಿ, "ಏನು ಬೇಕು ಕೇಳು" ಅಂದಳು.

"ನನ್ನ ತಮ್ಮ ಬೇಕು. ಒಳಗಿರುವ ಮಿಕ್ಕವರೂ ಮನೆಗೆ ಹೋಗಲಿ. ಬಾಗಿಲ ಮೇಲಿನ ತಲೆಗಳಿಗೂ ತಾಯಂದಿರಿದ್ದಾರೆ ಅಮ್ಮಣ್ಣಿ, ಇಳಿಸಿ ಮಣ್ಣು ಮಾಡಿಸಿ. ಅಟ್ಟದ ಕಾಯಿ ಕೊಳೆಯಲು ಬಿಡಬೇಡಿ."

ರಾಣಿ ಎದ್ದು ಕಟುಕನ ಕೈಯಿಂದ ಕತ್ತಿ ಕಿತ್ತುಕೊಂಡಳು. ಅಟ್ಟದಿಂದ ಕಾಯಿ ಇಳಿಸಿದರು. ಕಣ್ಣು ಮುಚ್ಚಿ ಒಂದೇ ಏಟು ಹಾಕಿದಳು. ಕಾಯಿ ಎರಡಾಯಿತು. ಸಿಡಿಲು ಬಡಿಯಲಿಲ್ಲ, ಭೂಮಿ ಬಿರಿಯಲಿಲ್ಲ, ನೀರು ಮಾತ್ರ ಕೈಮೇಲೆ ಹರಿಯಿತು.

"ಇಷ್ಟೇನಾ?" ಅಂದಳು ರಾಣಿ.

ದ್ಯಾಮಿ ಎರಡೂ ಹೋಳು ಎತ್ತಿಕೊಂಡು ಒಲೆಯ ಕಡೆ ನಡೆದಳು.

ಆ ದಿನ ಕೋಟೆಯ ಕುಂಬಳವೆಲ್ಲ ಒಲೆಗೇರಿತು. ಕೆಂಚ, ಶಾಸ್ತ್ರಿ, ರೇಷ್ಮೆ ರುಮಾಲಿನವನು ಒಂದೇ ಪಂಕ್ತಿಯಲ್ಲಿ ಕೂತರು. ರಾಣಿ ದ್ಯಾಮಿಯನ್ನು ಮಗಳೆಂದು ಕರೆದು ಕಣಜದ ಬೀಗದಕೈ ಅವಳ ಸೊಂಟಕ್ಕೆ ಸಿಕ್ಕಿಸಿದಳು. ಹೋದ ತಲೆಗಳು ಮಾತ್ರ ಬರಲಿಲ್ಲ, ಹೋದ ಕೂಸೂ ಬರಲಿಲ್ಲ. ಎಲ್ಲರಿಗಿಂತ ಮೊದಲು ರಾಣಿ ಒಂದು ಪುಟ್ಟ ಎಲೆ ಹಾಕಿಸಿ, ಅನ್ನ ಮಜ್ಜಿಗೆಹುಳಿ ಕಲಸಿ, ಮೆತ್ತಗೆ ಹಿಸುಕಿ, ಹಲ್ಲು ಬಾರದವರಿಗೆ ಇಡುವಂತೆ ತುತ್ತು ಮಾಡಿ ಇಟ್ಟಳು. ಆ ಎಲೆಯನ್ನು ಎತ್ತಲು ಯಾರಿಗೂ ಕೈ ಬರಲಿಲ್ಲ.