ಜ್ವರವಿಲ್ಲದ ಕಣಿವೆ

"ಬುದ್ಧೀ, ಒಂದು ಮಾತು ಕೇಳಬೇಕಿತ್ತು," ಎಂದ ಚನ್ನಮಲ್ಲ. ಮಠದ ವಿದ್ಯಾರ್ಥಿನಿಲಯದ ಹೊಣೆಯನ್ನು ಗುರುಗಳು ಅವನಿಗೆ ವಹಿಸಿ ಬಹಳ ಕಾಲವಾಗಿರಲಿಲ್ಲ. "ನಾನು ಹೊಣೆ ಹೊತ್ತ ಹೊಸದರಲ್ಲಿ ಹುಡುಗರು ದಿನಕ್ಕೊಂದು ದೂರು ತರುತ್ತಿದ್ದರು. ಈಗ ಒಬ್ಬನೂ ಬರುವುದಿಲ್ಲ. ನಿಲಯ ಸುಧಾರಿಸಿತು ಎಂದು ತಿಳಿಯಬಹುದೇ?"

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕೂರು ಎಂದು ಕೈ ತೋರಿಸಿ ಒಂದು ಕತೆ ಹೇಳಿದರು.

ಒಬ್ಬ ವೈದ್ಯೆ ಇದ್ದಳು. ಅವಳದು ಹಾಸಿಗೆಯ ಪಕ್ಕ ನಿಂತು ನಾಡಿ ಹಿಡಿಯುವ ವೈದ್ಯವಲ್ಲ. ಒಂದು ಊರಿನಲ್ಲಿ ರೋಗ ಕಾಣಿಸಿಕೊಂಡರೆ ಅದು ಎಲ್ಲಿಂದ ಬಂತು, ಯಾರಿಂದ ಯಾರಿಗೆ ಹೋಯಿತು, ಎಲ್ಲಿ ಅಡ್ಡಗಟ್ಟಿದರೆ ನಿಲ್ಲುತ್ತದೆ ಎಂದು ಜಾಡು ಹಿಡಿಯುವ ವಿದ್ಯೆ. ಸಮುದ್ರ ಉಕ್ಕಿದ ದೇಶದಲ್ಲಿ ಕಾಲರಾದ ಹಿಂದೆ ಹೋದಳು. ಯುದ್ಧಕ್ಕೆ ಹೆದರಿ ಓಡಿಬಂದವರ ಡೇರೆಗಳಲ್ಲಿ ದಡಾರದ ಹಿಂದೆ ಹೋದಳು. ತಾಯಿ ತೀರಿಕೊಂಡಾಗಲೂ ಯಾವುದೋ ಗಡಿಯಾಚೆ ರಕ್ತದ ಮಾದರಿಗಳನ್ನು ಮಂಜುಗಡ್ಡೆಯಲ್ಲಿಟ್ಟು ಕಾಯುತ್ತಿದ್ದಳು. ಅವಳಲ್ಲಿ ಸ್ವಾರ್ಥವಿತ್ತು ಎಂದು ಯಾರೂ ಹೇಳಲಾರರು.

ಒಮ್ಮೆ ದೂರದ ಒಂದು ನದಿಕಣಿವೆಯಲ್ಲಿ ಹೊಸ ಜ್ವರ ಎದ್ದಿತು. ಮೈ ಮುಟ್ಟಿದವರಿಗೆ ಹರಡುವ ಜ್ವರ. ಸತ್ತವರ ದೇಹದಿಂದಲೂ ಹರಡುತ್ತಿತ್ತು. ವೈದ್ಯೆ ತಂಡ ಕಟ್ಟಿಕೊಂಡು ಹೋದಳು. ಕಣಿವೆಯ ಭಾಷೆ ಕಲಿತಳು. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ, ಯಾರಾದರೂ ಸತ್ತರೆ, ಕೂಡಲೇ ಹೇಳಿಕಳಿಸಬೇಕು ಎಂದು ಊರೂರಿಗೆ ನಿಯಮ ತಿಳಿಸಿದಳು. ಹೇಳಿಕಳಿಸಿದ ಮನೆಗೆ ಮುಖ ಮುಚ್ಚಿಕೊಂಡ ಆಳುಗಳು ಬರುತ್ತಿದ್ದರು. ಬದುಕಿದ್ದವರನ್ನು ಶಿಬಿರಕ್ಕೆ ಒಯ್ಯುತ್ತಿದ್ದರು. ಚಾಪೆ, ಬಟ್ಟೆ, ಹಾಸಿಗೆ ಸುಡುತ್ತಿದ್ದರು. ಹೆಣವನ್ನು ಚೀಲದಲ್ಲಿ ಸುತ್ತಿ ಬಯಲಿನಲ್ಲಿ ಹೂಳುತ್ತಿದ್ದರು. ಎಲ್ಲಿ ಹೂಳಿದರೆಂದು ಮನೆಯವರಿಗೆ ತೋರಿಸುವ ಪದ್ಧತಿ ಇರಲಿಲ್ಲ. ರೋಗ ತಡೆಯುವ ವಿದ್ಯೆಯ ಪ್ರಕಾರ ಇದರಲ್ಲಿ ತಪ್ಪೂ ಇರಲಿಲ್ಲ.

ಮೊದಮೊದಲು ಕರೆಗಳು ಮೇಲಿಂದ ಮೇಲೆ ಬಂದವು. ಆಮೇಲೆ ಇಳಿದವು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದೂ ಬರಲಿಲ್ಲ. ವೈದ್ಯೆ ಅಷ್ಟಕ್ಕೇ ನಂಬಲಿಲ್ಲ. ತಾನೇ ಹಳ್ಳಿಗಳಿಗೆ ಹೋಗಿ ಮನೆಬಾಗಿಲಲ್ಲಿ ನಿಂತು ವಿಚಾರಿಸಿದಳು. ಎಲ್ಲರೂ ಆರೋಗ್ಯವಾಗಿದ್ದೇವೆ ಎಂದರು. ಒಂದು ಹಳ್ಳಿಯಲ್ಲಿ ಮಡಕೆ ಮಾಡುವ ಹೆಂಗಸೊಬ್ಬಳು ಗಂಜಿ ಕೊಟ್ಟು, ತನ್ನ ಮನೆಯಲ್ಲೇ ಚಾಪೆ ಹಾಸಿ ಮಲಗಿಸಿದಳು. ಊರಿಗೆ ಮರಳಿದ ವೈದ್ಯೆ ಜ್ವರ ಅಳಿಯಿತು ಎಂದು ಲೋಕಕ್ಕೆ ತಿಳಿಸಿದಳು. ದೊಡ್ಡ ಸಭೆಯಲ್ಲಿ ಅವಳಿಗೆ ಪದಕ ತೊಡಿಸಿದರು. ಬೇರೆ ದೇಶಗಳವರು ಅವಳ ಕ್ರಮವನ್ನೇ ಅನುಸರಿಸಿದರು.

ಮುಂದಿನ ವರ್ಷ ಅವಳು ಮತ್ತೆ ಕಣಿವೆಗೆ ಬಂದಳು. ಜ್ವರ ಬಂದು ಹೋದವರ ರಕ್ತದಲ್ಲಿ ಅದರ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ಆ ಗುರುತು ಇಲ್ಲದವರನ್ನೆಲ್ಲ ತನ್ನ ಕೆಲಸ ಕಾಪಾಡಿತು ಎಂದು ತೋರಿಸಬೇಕೆಂಬುದು ಅವಳ ಆಸೆ. ಜನ ಬೇಡವೆನ್ನಲಿಲ್ಲ, ತೋಳು ಚಾಚಿದರು. ಫಲಿತಾಂಶ ನೋಡಿದಾಗ ಯಂತ್ರ ಕೆಟ್ಟಿದೆ ಎಂದುಕೊಂಡಳು. ಮತ್ತೊಮ್ಮೆ ಪರೀಕ್ಷಿಸಿದಳು. ಜ್ವರವೇ ಬಂದಿಲ್ಲ ಎಂದಿದ್ದ ಹಳ್ಳಿಗಳಲ್ಲಿ ಹೆಚ್ಚುಕಡಿಮೆ ಪ್ರತಿ ಮನೆಯವರ ರಕ್ತದಲ್ಲೂ ಗುರುತು ಇತ್ತು. ಜ್ವರ ಬಂದು ಬದುಕಿದವರೇ ಇಷ್ಟು ಜನ ಇದ್ದರೆ ಸತ್ತವರೂ ಇರಲೇಬೇಕು. ಅವರೆಲ್ಲಿ? ಯಾವ ಹಳ್ಳಿಯ ಹೊರಗೂ ಹೊಸ ಗೋರಿಗಳಿರಲಿಲ್ಲ.

ಅವಳು ಮಡಕೆ ಮಾಡುವವಳ ಮನೆಗೆ ಹೋದಳು. ಹೋದ ವರ್ಷ ಮಲಗಿದ್ದ ಮೂಲೆಯಲ್ಲೇ ಕೂರಲು ಬಾಗಿದಳು. ಹೆಂಗಸು ಅವಳ ಮೊಣಕೈ ಹಿಡಿದಳು.

"ಅಲ್ಲಿ ಬೇಡಮ್ಮ. ಈ ಕಡೆ ಬನ್ನಿ."

"ಯಾಕೆ? ಆವತ್ತು ಇಲ್ಲೇ ಮಲಗಿದ್ದೆನಲ್ಲ."

"ಆವತ್ತು ಬೇಡ ಅಂದಿದ್ದರೆ ನಿಮಗೆ ಗೊತ್ತಾಗಿಬಿಡುತ್ತಿತ್ತು. ನನ್ನ ಮಗಳು ಅಲ್ಲಿದ್ದಾಳೆ."

ವೈದ್ಯೆ ನೆಲ ನೋಡಿದಳು. ಸಾರಿಸಿದ ಮಣ್ಣು ಅಲ್ಲಿ ಮಾತ್ರ ಒಂದಿಷ್ಟು ತಗ್ಗಿತ್ತು. ಹಿಂದೆ ಸರಿದು, ಹೆಂಗಸು ತೋರಿಸಿದ ಕಡೆ ಕುಳಿತಳು.

ಹೆಂಗಸು ಕೋಪವಿಲ್ಲದೆ ಹೇಳಿದಳು: "ನಮ್ಮ ನೆರೆಮನೆಯವಳು ತನ್ನ ಗಂಡ ಸತ್ತಾಗ ನಿಮಗೆ ಹೇಳಿಕಳಿಸಿದ್ದಳು. ಹೆಣ ಒಯ್ದಿರಿ. ಚಾಪೆಯನ್ನೂ ಸುಟ್ಟಿರಿ. ಅವನನ್ನು ಎಲ್ಲಿ ಹೂಳಿದಿರಿ ಎಂದು ಅವಳು ಇವತ್ತಿಗೂ ಬಯಲಿನಲ್ಲಿ ಹುಡುಕುತ್ತಾಳೆ. ಅದನ್ನು ನೋಡಿದ ಮೇಲೆ ಇಲ್ಲಿ ಯಾರೂ ನಿಮಗೆ ಹೇಳಲಿಲ್ಲ. ನನ್ನ ಮಗಳ ಮೈಯನ್ನು ನಾನೇ ತೊಳೆದೆ. ನನ್ನ ತಂಗಿ ನೀರು ಹಾಕಿದಳು. ಆಮೇಲೆ ತಂಗಿಯೂ ಹೋದಳು."

ಅಲ್ಲಿಂದ ಎದ್ದು ವೈದ್ಯೆ ಮನೆಯಿಂದ ಮನೆಗೆ ಹೋದಳು. ಯಾರನ್ನೂ ಏನೂ ಕೇಳಲಿಲ್ಲ. ಒಳಗೆ ಹೋಗಿ ಸುಮ್ಮನೆ ನಿಂತಳು. ಒಂದು ಮನೆಯಲ್ಲಿ ಒಲೆಯ ಪಕ್ಕದ ಚಾಪೆ ಸರಿಸಿದರು. ಇನ್ನೊಂದರಲ್ಲಿ ಕಾಳು ತುಂಬಿದ ಗುಡಾಣವನ್ನು ಇಬ್ಬರು ಹಿಡಿದು ಜರುಗಿಸಿದರು. ಒಬ್ಬ ಮುದುಕ ತಾನು ಕುಳಿತಿದ್ದ ಜಾಗದಿಂದ ಎದ್ದು ಪಕ್ಕಕ್ಕೆ ನಿಂತ, ಅಷ್ಟೆ. ಅವಳು ಜ್ವರವನ್ನು ತಡೆದಿರಲಿಲ್ಲ. ಹಿಡಿಯಬಹುದಾದವರನ್ನೆಲ್ಲ ಹಿಡಿದು ಅದು ತಾನಾಗಿಯೇ ಮುಗಿದಿತ್ತು. ಜನ ಜ್ವರಕ್ಕಿಂತ ಹೆಚ್ಚಾಗಿ ಅವಳಿಗೆ ಹೆದರಿದ್ದರು.

ಅವಳು ತನ್ನನ್ನು ಕಳಿಸಿದ ಸಂಸ್ಥೆಗೆ ನಡೆದದ್ದನ್ನು ತಿಳಿಸಿದಳು. ಪದಕ ಹಿಂದಿರುಗಿಸಿದಳು. ಮುಂದೆ ಜ್ವರ ಎದ್ದ ಕಡೆಗಳಲ್ಲೆಲ್ಲ, ಮನೆಯವರು ದೂರ ನಿಂತಾದರೂ ಒಂದು ಹಿಡಿ ಮಣ್ಣು ಹಾಕಲಿ, ಹೂಳಿದ ಜಾಗವನ್ನು ಅವರಿಗೆ ತೋರಿಸಿ ಎಂದು ಹಠ ಹಿಡಿದಳು. ಅಲ್ಲಿನ ಜನ ಹೇಳಿಕಳಿಸಿದರು. ಆದರೆ ಯಾರ ಮನೆಗೆ ಹೋದರೂ, ತನ್ನ ನೆಂಟರ ಮನೆಗೆ ಹೋದರೂ, ಕಾಲಿಡುವ ಮೊದಲು ನೆಲ ನೋಡುವುದು ಅವಳಿಗೆ ಕೊನೆಯವರೆಗೂ ತಪ್ಪಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಚನ್ನಮಲ್ಲ ನಿಟ್ಟುಸಿರು ಬಿಟ್ಟು, "ಅಷ್ಟು ಓದಿದವಳಿಗೆ ಮೊದಲೇ ತಿಳಿಯಲಿಲ್ಲವೇ, ಬುದ್ಧೀ?" ಎಂದ.

ಗುರುಗಳು ಅವನನ್ನೇ ನೋಡುತ್ತ ಕೇಳಿದರು: "ನಿನ್ನ ಬಳಿಗೆ ಕೊನೆಯದಾಗಿ ದೂರು ತಂದ ಹುಡುಗ ಈಗ ಎಲ್ಲಿದ್ದಾನೆ?"