ಮೂರು ಸಲ ಬೀಳ್ಕೊಂಡ ವ್ಯಾಪಾರಿ

ಶಿಷ್ಯನೊಬ್ಬ ಎದೆಯುಬ್ಬಿಸಿ ಗುರುಗಳ ಮುಂದೆ ನಿಂತು ಕೇಳಿದ: "ಬುದ್ಧೀ, ನನ್ನ ಪಾಠ ಮುಗಿಯಿತು ಅಂತ ನೀವೇ ಹೇಳಿ ವರ್ಷವಾಯಿತು. ಜೊತೆಯವರೆಲ್ಲ ಗಂಟು ಕಟ್ಟಿಕೊಂಡು ಹೊರಟುಹೋದರು. ನಾನು ಮಾತ್ರ ನಿಮ್ಮ ಪಾದ ಬಿಟ್ಟು ಕದಲಿಲ್ಲ. ನನ್ನಂಥ ಗುರುಭಕ್ತ ಈ ಸೀಮೆಯಲ್ಲಿ ಇನ್ನೊಬ್ಬನಿದ್ದಾನೆಯೇ?"

ಗುರುಗಳು ಕತೆ ಹೇಳಿದರು.

ಒಬ್ಬ ಮೆಣಸಿನಕಾಯಿ ವ್ಯಾಪಾರಿ ಜಪಾನಿಗೆ ಹೋದ. ಅಲ್ಲಿ ಬೆಟ್ಟದ ಮೇಲೆ, ಮುನ್ನೂರು ವರ್ಷದ ಮರದ ವಸತಿಗೃಹದಲ್ಲಿ ಒಂದು ದಿನ ತಂಗಿದ. ಬಾಗಿಲಲ್ಲೇ ಚಪ್ಪಲಿ ಬಿಡಿಸಿದರು. ಥೇಟ್ ನಮ್ಮ ಮನೆಯ ಹಾಗೆ ಎಂದು ಹಿಗ್ಗಿದ. ಚಾಪೆ ಹಾಸಿದ ಕೋಣೆಯಲ್ಲಿ ಮಂಚವೇ ಇರಲಿಲ್ಲ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಯಾರೋ ಹಾಸಿಗೆ ಹಾಸಿದ್ದರು. ಆ ಸ್ನಾನವಾದರೂ ಎಂಥದ್ದು, ನೆಲದೊಳಗಿಂದಲೇ ಉಕ್ಕುವ ಬಿಸಿನೀರು. ಅವನು ಮೂರು ಸಲ ಮಿಂದ. ಎಪ್ಪತ್ತು ದಾಟಿದ ಯಜಮಾನಿ ಮಂಡಿಯೂರಿ ಕೂತು ಹನ್ನೆರಡು ಪುಟ್ಟ ಬಟ್ಟಲುಗಳಲ್ಲಿ ಊಟ ಬಡಿಸಿದಳು. ನನಗೆ ರಾಜಮರ್ಯಾದೆ ಎಂದು ವ್ಯಾಪಾರಿ ಉಬ್ಬಿಹೋದ.

ಬೆಳಿಗ್ಗೆ ಹಿಮ ಬೀಳುತ್ತಿತ್ತು. ಯಜಮಾನಿ ಹೊರಗೆ ಬಂದು, ತಲೆಬಾಗಿ ಬೀಳ್ಕೊಟ್ಟಳು. ವ್ಯಾಪಾರಿಯ ಜೊತೆಗೆ ಬಂದಿದ್ದ ದುಭಾಷಿ ಪೆಟ್ಟಿಗೆ ಹಿಡಿದು ಮುಂದೆ ಹೋದ. ವ್ಯಾಪಾರಿ ಹತ್ತು ಹೆಜ್ಜೆ ನಡೆದು ತಿರುಗಿ ನೋಡಿದ. ಮುದುಕಿ ಹಿಮದಲ್ಲೇ ನಿಂತಿದ್ದಳು. ಹಿರಿಯರನ್ನು ಚಳಿಗೆ ಬಿಟ್ಟುಹೋಗುವ ಕುಲ ನಮ್ಮದಲ್ಲ ಎಂದು ವಾಪಸು ಬಂದು, ಒಳಗೆ ಹೋಗಿ ತಾಯಿ ಎಂದು ಕೈಸನ್ನೆ ಮಾಡಿ ಕೈಮುಗಿದ. ಆಕೆ ಇನ್ನಷ್ಟು ಬಾಗಿದಳು. ಇವನೂ ಬಿಡಲಿಲ್ಲ, ಅವಳಿಗಿಂತ ಹೆಚ್ಚು ಬಾಗಿದ. ಹೊರಟ, ತಿರುಗಿ ನೋಡಿದ, ಮತ್ತೆ ಬಂದ. ಮೂರನೆಯ ಸಲ ಬರುವಾಗ ಆಕೆಯ ಹೆಗಲ ಮೇಲೆ ಹಿಮ ಕೂತಿತ್ತು, ತುಟಿ ನೀಲಿಗಟ್ಟಿತ್ತು.

ದುಭಾಷಿ ಓಡಿ ಬಂದ. "ಏನ್ ಸ್ವಾಮಿ, ಮುದುಕಿ ಜೀವ ತೆಗೀಬೇಕು ಅಂತ ಇದ್ದೀರಾ?"

"ನಾನೇ? ಒಳಗೆ ಹೋಗಲಿ ಅಂತ ತಾನೇ ಇಷ್ಟು ಸಲ ಬಂದು ಕೈಮುಗಿದಿದ್ದು?"

"ಅತಿಥಿ ಕಣ್ಮರೆಯಾಗುವವರೆಗೆ ಒಳಗೆ ಹೋಗುವ ಪದ್ಧತಿ ಈ ಮನೆಯಲ್ಲಿಲ್ಲ. ಆಕೆಯ ಮೇಲೆ ಕರುಣೆಯಿದ್ದರೆ ಆ ತಿರುವು ದಾಟಿ."

ವ್ಯಾಪಾರಿ ಪಂಚೆ ಎತ್ತಿ ಕಟ್ಟಿ ಓಡಿದ. ಜಾರಿ ಬಿದ್ದ, ಎದ್ದು ಮತ್ತೆ ಓಡಿದ. ಹಿಂದಿರುಗಿ ನೋಡಲಿಲ್ಲ. ತಿರುವು ದಾಟಿದ ಮೇಲೆ, ದೂರದಲ್ಲಿ ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸಿತು.

ಶಿಷ್ಯ ತೊಡೆ ತಟ್ಟಿಕೊಂಡು ನಕ್ಕ. ಎಂಥ ದಡ್ಡ, ಅಷ್ಟೂ ಗೊತ್ತಾಗಲಿಲ್ಲವೇ ಅವನಿಗೆ ಎಂದ.

ಅವನ ನಗು ಮುಗಿಯುವವರೆಗೆ ಕಾದು ಗುರುಗಳು ಹೇಳಿದರು:

"ನಾನೂ ಒಂದು ವರ್ಷದಿಂದ ಬಾಗಿಲಲ್ಲೇ ನಿಂತಿದ್ದೇನಪ್ಪ."