ಟಿಟ್ಟಿಭ ಯಾಕೆ "ತಿಟ್ಟಿಗೆ ಹತ್ತಿ" ಅಂತ ಕೂಗುತ್ತೆ

ಲೋಕ ಆಗಷ್ಟೇ ಮೈತೊಳೆದು ಎದ್ದಿದ್ದ ಕಾಲ. ಹೊಳೆಗೂ ಮಾತಿತ್ತು, ಹಕ್ಕಿಗೂ ಮಾತಿತ್ತು. ಆಗ ಹೊನ್ನಾಜಿ ಅನ್ನುವ ಹೆಂಗಸು ಮಗಳು ಚೆನ್ನಿಯನ್ನು ಕಂಕುಳಲ್ಲಿ ಎತ್ತಿಕೊಂಡು ಹೊಳೆಯ ಹತ್ತಿರ ಬಂದಳು. "ತಾಯೀ, ಇರೋಕೆ ಒಂದಿಷ್ಟು ಜಾಗ ಕೊಡವ್ವ" ಅಂದಳು.

"ಅಗೋ, ಆ ತಿಟ್ಟಿನ ಮೇಲೆ ಇರು ಮಗಳೇ" ಅಂದಿತು ಹೊಳೆ. "ಕೆಳಗಿನ ಬಯಲು ಮಾತ್ರ ಬೇಡ. ಬೇಸಿಗೇಲಿ ನಾನು ಮುದುರಿಕೊಂಡು ಮಲಗ್ತೀನಿ. ಮಳೆಗಾಲದಲ್ಲಿ ಮಗ್ಗುಲು ಬದಲಿಸೋಕೆ ನನಗೆ ಆ ಬಯಲು ಬೇಕು."

ಹೊನ್ನಾಜಿ ಹೂಂ ಅಂದಳು. ಹೂಂ ಅನ್ನೋಕೇನು, ಯಾರು ಬೇಕಾದರೂ ಅಂತಾರೆ! ತಿಟ್ಟಿನ ನೆಲ ಗಟ್ಟಿ. ಬಯಲಿನ ಮಣ್ಣು ಬೆಣ್ಣೆ ಹಾಗೆ. ಮೊದಲು ಅಲ್ಲಿ ಕುಂಬಳದ ಬೀಜ ಊರಿದಳು. ಆಮೇಲೆ ಕಾವಲಿಗೆ ಅಂತ ಗುಡಿಸಲು ಹಾಕಿದಳು. ಆಮೇಲೆ ಒಲೆಯನ್ನೂ ಅಲ್ಲಿಗೇ ತಂದಳು. ಅವಳನ್ನು ನೋಡಿ ಬೇರೆಯವರೂ ಬಂದರು. ಗುಡಿಸಲಿಗೆ ಬೆಟ್ಟದ ಮರ ಕಡಿದರು, ಒಲೆಗೂ ಬೆಟ್ಟದ ಮರ ಕಡಿದರು. ಬೆಟ್ಟದ ತಲೆ ಬೋಳಾಯಿತು.

ಆ ವರ್ಷ ಮಳೆ ಹುಯ್ದೇ ಹುಯ್ದಿತು. "ಹಿಡಿದಿಟ್ಟುಕೊಳ್ಳೋಕೆ ನನಗೆ ಬೇರುಗಳೇ ಇಲ್ಲವಲ್ಲ" ಅಂತ ಬೆಟ್ಟ ನೀರನ್ನೆಲ್ಲ ಒಂದೇ ಸಲ ಕೈಬಿಟ್ಟಿತು.

ಅದನ್ನು ಮೊದಲು ಕೇಳಿಸಿಕೊಂಡದ್ದು ಹೊಳೆದಡದ ಟಿಟ್ಟಿಭ ಹಕ್ಕಿ. ಮರಳಲ್ಲಿ ಅದರ ಮೊಟ್ಟೆಗಳಿದ್ದವು. ಒಂದೊಂದಾಗಿ ಉರುಳಿಸಿ ಮೇಲೆ ಸಾಗಿಸಬಹುದಿತ್ತು. ಆದರೆ ಗುಡಿಸಲಲ್ಲಿ ಚೆನ್ನಿ ಮಲಗಿದ್ದಳಲ್ಲ! ಹಕ್ಕಿ ಅಲ್ಲಿಗೆ ಹಾರಿ ಬಂತು. "ತಿಟ್ಟಿಗೆ ಹತ್ತಿ! ತಿಟ್ಟಿಗೆ ಹತ್ತಿ!"

"ಥೂ, ಇದರದ್ದೊಂದು ಗೋಳು" ಅಂದಳು ಹೊನ್ನಾಜಿ. ರೊಟ್ಟಿ ತಟ್ಟುತ್ತಲೇ ಇದ್ದಳು.

ಹಕ್ಕಿ ಹೋಗಲಿಲ್ಲ. "ತಿಟ್ಟಿಗೆ ಹತ್ತಿ!" ಅಂತ ಗಂಟಲು ಹರಿಯುವಂತೆ ಕೂಗಿತು. ಒಲೆಗೆ ಕೆಂಪು ನೀರು ನುಗ್ಗಿ ಚುಂಯ್ ಅಂದಾಗ ಹೊನ್ನಾಜಿ ಹಿಟ್ಟಿನ ಕೈಯಲ್ಲೇ ಧಡಕ್ಕನೆ ಎದ್ದಳು. ಮಗಳನ್ನು ಬಾಚಿಕೊಂಡು, ಎಲ್ಲರನ್ನೂ ಕೂಗುತ್ತಾ ತಿಟ್ಟಿಗೆ ಓಡಿದಳು. ಅವಳ ಹಿಂದೆ ಬಂದವರು ಉಳಿದರು.

ತಿರುಗಿ ನೋಡಿದರೆ ಬಯಲೇ ಇಲ್ಲ, ಬರೀ ನೀರು. ಟಿಟ್ಟಿಭ ಆ ನೀರಿನ ಮೇಲೆ ಸುತ್ತುತ್ತಿತ್ತು. ಮೊಟ್ಟೆ ಇಟ್ಟಿದ್ದ ಮರಳು ಎಲ್ಲಿ ಅಂತ ಅದಕ್ಕೆ ಗೊತ್ತಾಗುತ್ತಿರಲಿಲ್ಲ.

"ನನ್ನ ಮಗು ಉಳಿಸೋಕೆ ಬಂದು ನಿನ್ನ ಮಕ್ಕಳನ್ನ ಕಳಕೊಂಡೆಯಲ್ಲೇ!" ಹೊನ್ನಾಜಿ ಬಿಕ್ಕಿ ಬಿಕ್ಕಿ ಅತ್ತಳು.

ಹೊಳೆಯೂ ಅತ್ತಿತು. "ನಾನು ಮಗ್ಗುಲಾದೆ ಅಷ್ಟೇ ಕಣವ್ವ. ಪಕ್ಕದಲ್ಲಿ ಯಾರು ಮಲಗಿದ್ದಾರೆ ಅಂತ ನನಗೆ ತಿಳೀಲಿಲ್ಲ."

ನೀರು ಇಳಿಯಿತು. ಬಯಲಿನ ತುಂಬ ಹೊಸ ಮಣ್ಣು, ಬೆಣ್ಣೆ ಹಾಗೆ. ಹೊನ್ನಾಜಿ ತಿಟ್ಟು ಬಿಟ್ಟು ಕದಲಲಿಲ್ಲ. ಉಳಿದವರು ಒಬ್ಬೊಬ್ಬರಾಗಿ ಮತ್ತೆ ಕೆಳಗಿಳಿದು ಬಂದರು.

ಅದಕ್ಕೇ ಮಗಾ, ಆಕಾಶದಲ್ಲಿ ಒಂದು ಮೋಡ ಇಲ್ಲದಿದ್ದರೂ, ನಾವು ಹೊಳೆ ಕಡೆ ಕಾಲಿಟ್ಟರೆ ಸಾಕು, ಟಿಟ್ಟಿಭ ಇವತ್ತಿಗೂ ನಮ್ಮ ತಲೆ ಮೇಲೆ ಸುತ್ತಿ ಸುತ್ತಿ "ತಿಟ್ಟಿಗೆ ಹತ್ತಿ, ತಿಟ್ಟಿಗೆ ಹತ್ತಿ" ಅಂತ ಕೂಗುತ್ತದೆ.